ಪದಚರ್ಚೆ: ಪಾಯಿಂಟರ್‌ಗೆ ‘ಕೈಮರ’ ಅನ್ನಬಹುದೇ? ‘*ಪಿ’ಯನ್ನು ಕನ್ನಡದಲ್ಲಿ ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯಲ್ಲಿ ಡಿಪ್ಲೊಮಾ ಓದುವ ಕೆಲವು ಮಕ್ಕಳಿಗೆ ಸಂಜೆ ಹೊತ್ತು ಸಿ ಭಾಷೆ ಹೇಳಿಕೊಡುತ್ತೇನೆ. ಪಾಯಿಂಟರ್ (ಮೆಮೊರಿಯ ಒಂದು ಖಾನೆಯ ವಿಳಾಸ ಇಟ್ಟುಕೊಂಡು ಅದನ್ನು ತೋರಿಸುವಂಥದ್ದು) ಕೈಗೆ ಹತ್ತಬೇಕಾದರೆ ಸ್ಟ್ರ್‌ಲೆನ್, ಸ್ಟ್ರ್‌ಕಾಪಿ, ಸ್ಟ್ರ್‌ಕಂಪ್ ಅಂದರೆ ಸ್ಟ್ರಿಂಗಿನ (ಪಠ್ಯದ ತುಣುಕಿನ) ಉದ್ದ ಎಣಿಸುವ, ನಕಲು ಮಾಡುವ, ಹೋಲಿಸುವ ಫಂಕ್ಷನ್ ಇವನ್ನೆಲ್ಲ ಸಿದ್ಧ ಲೈಬ್ರರಿಯಿಂದ ತೆಗೆದುಕೊಳ್ಳದೆ ತಾವೇ ಬರೆಯಬೇಕು ಅನ್ನುವುದು ನನ್ನ ಕ್ರಮ. ಅದಕ್ಕೊಂದು ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. ಮಕ್ಕಳ ಮನೆಮಾತು ಒಬ್ಬರದು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಇನ್ನೊಬ್ಬರದು ಮಲಯಾಳ. ಹಾಗಾಗಿ ಸರಳ ಕನ್ನಡವೇ ಬೇಕು. ಕೋಡ್ ಬೇಗ ಮುಗಿಯಿತು, ತಕರಾರೆಲ್ಲ ಪದಗಳದ್ದು.

ಮೊದಲು ಪಾಯಿಂಟರ್. ‘ಸೂಚಕ’ ಅಂತ ಇಟ್ಟೆ. ಎರಡು ಸಾಲು ಕೆಳಗೆ ಇಂಡೆಕ್ಸ್ (ಎಷ್ಟನೇ ಖಾನೆ ಅನ್ನುವ ಸಂಖ್ಯೆ) ಬಂತು, ಅದು ‘ಸೂಚ್ಯಂಕ’. ಸ್ಟ್ರ್‌ಲೆನ್ ಅನ್ನು ನಾನು ಎರಡು ಬಗೆಯಲ್ಲಿ ಬರೆಸುತ್ತೇನೆ: ‘ಎಸ್[ಐ]’ ಅಂತ ಇಂಡೆಕ್ಸ್ ಇಟ್ಟು ಒಂದು, ಪಾಯಿಂಟರನ್ನೇ ಓಡಿಸಿ ಇನ್ನೊಂದು. ಎರಡಕ್ಕೂ ಏನು ವ್ಯತ್ಯಾಸ ಅನ್ನುವುದೇ ಅಲ್ಲಿನ ಪಾಠ. ಅಲ್ಲೇ ಸೂಚಕ, ಸೂಚ್ಯಂಕ ಅಂತ ಅವಳಿಜವಳಿ ಪದ ಕೊಟ್ಟರೆ ಮಕ್ಕಳು ತಬ್ಬಿಬ್ಬಾಗದೆ ಇರುತ್ತಾರಾ?

‘ಕೈಮರ ಅನ್ನಬಹುದಲ್ವಾ ಸಾರ್?’ ಅಂತ ಒಬ್ಬಳು ಕೇಳಿದಳು. ನಮ್ಮ ಕಡೆ ತೋಟದ ದಾರಿ ಕವಲೊಡೆಯುವಲ್ಲಿ ಒಂದೇ ಕಂಬಕ್ಕೆ ನಾಲ್ಕೈದು ಹೋಂಸ್ಟೇ ಬೋರ್ಡು ಹೊಡೆದಿರುತ್ತಾರೆ, ಬಾಣದ ಗುರುತಿನ ಸಮೇತ. ಅವಳ ಮನಸ್ಸಲ್ಲಿ ಇದ್ದದ್ದು ಅದು. ಪದ ಚಂದ ಇದೆ. ಚಿಕ್ಕಮಗಳೂರು ಕಡೆ ಆ ಹೆಸರಿನ ಊರೇ ಇದೆ. ಮನೆ ಬೇರೆ, ಮನೆಗೆ ದಾರಿ ತೋರುವ ಕಂಬ ಬೇರೆ ಅನ್ನುವುದು ಒಂದೇ ಏಟಿಗೆ ತಿಳಿಯುತ್ತದೆ. ಆದರೆ ನೆಟ್ಟ ಕಂಬ ಅಲ್ಲಾಡುವುದಿಲ್ಲವಲ್ಲ! ‘ಪಿ++’ ಅಂದ ತಕ್ಷಣ ಪಾಯಿಂಟರ್ ಮುಂದಿನ ಖಾನೆಯನ್ನು ತೋರಿಸಬೇಕು. ಸ್ಟ್ರಿಂಗ್ ಅಭ್ಯಾಸದ ಜೀವವೇ ಆ ++. ‘ತೋರುಬೆರಳು’ ಓಡಾಡುತ್ತದೆ ನಿಜ, ಆದರೆ ಸಾಲಿಗೆ ಮೂರು ಸಲ ಬರೆಯಲು ಬೇಜಾರು. ಸದ್ಯಕ್ಕೆ ‘ಪಾಯಿಂಟರ್’ ಅಂತಲೇ ಉಳಿಸಿದ್ದೇನೆ. ‘ಸ್ಟ್ರಿಂಗ್’ ಕೂಡ ಹಾಗೇ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಿಜವಾದ ಕಷ್ಟ ಸ್ಟಾರ್ ಗುರುತಿನದು. ಬಾಯಲ್ಲಿ ಎಲ್ಲರೂ ‘ಸ್ಟಾರ್ ಹಾಕು, ಒಳಗಿರೋದು ಸಿಗುತ್ತೆ’ ಅಂತಾರೆ. ‘ಚಾರ್ *ಪಿ;’ ಅಂತ ಘೋಷಿಸುವಾಗಲೂ ಸ್ಟಾರ್ ಇದೆ, ಅಲ್ಲಿ ಏನೂ ಸಿಗುವುದಿಲ್ಲ. ‘ಪಿ ಒಂದು ಪಾಯಿಂಟರ್’ ಅಂತ ಹೇಳಿದ್ದಷ್ಟೇ. ಇನ್ನು ‘*ಡಿ = *ಎಸ್’ ನೋಡಿ, ಡಿ, ಎಸ್ ಎರಡೂ ಪಾಯಿಂಟರ್. ಬಲಗಡೆ ಸ್ಟಾರ್ ಇದ್ದಾಗ ಅಲ್ಲಿರುವುದನ್ನು ಓದುತ್ತೇವೆ, ಎಡಗಡೆ ಇದ್ದಾಗ ಅಲ್ಲಿಗೆ ಬರೆಯುತ್ತೇವೆ. ‘ಮೌಲ್ಯ ಪಡೆ’ ಅಂತ ಬರೆದರೆ ಎಡಗಡೆಯದಕ್ಕೆ ಹೊಂದುವುದೇ ಇಲ್ಲ. ಇಲ್ಲಿ ನಮ್ಮ ವಿಭಕ್ತಿ ಕೈ ಹಿಡಿಯಿತು: ‘ಎಸ್ ತೋರುವಲ್ಲಿಂದ ತೆಗೆದು ಡಿ ತೋರುವಲ್ಲಿಗೆ ಹಾಕು.’ ಹೀಗೆ ಹೇಳಿಕೊಂಡರೆ, ಎಲ್ಲರೂ ಹೆದರುವ ಆ ಒಂದು ಸಾಲಿನ ಸ್ಟ್ರ್‌ಕಾಪಿ ಕೂಡ ಬಾಯಿಗೆ ಬರುತ್ತದೆ:

ವೈಲ್ (*ಡಿ++ = *ಎಸ್++) ;

ಒಂದನ್ನು ಅಲ್ಲಿಂದ ಅಲ್ಲಿಗೆ ಹಾಕು, ಎರಡೂ ಪಾಯಿಂಟರ್ ಒಂದೊಂದು ಹೆಜ್ಜೆ ಮುಂದೆ ಹೋಗಲಿ, ಈಗ ಹಾಕಿದ್ದು ಸೊನ್ನೆಯಾದರೆ ನಿಲ್ಲು. ಹಾಕಿದ ಮೇಲೆ ಪರೀಕ್ಷೆ, ಹಾಗಾಗಿ ಕೊನೆಯ ಸೊನ್ನೆಯೂ ನಕಲಾಗಿಯೇ ಲೂಪ್ ಮುಗಿಯುತ್ತದೆ. ಡಿ ಕಡೆ ಅದಕ್ಕೂ ಸೇರಿಸಿ ಒಂದು ಖಾನೆ ಜಾಸ್ತಿ ಇರಬೇಕು.

ಈ ‘ಸೊನ್ನೆ’ ಇದೆಯಲ್ಲ, ಅದರ ಕಾಟ ಬೇರೆ. ಸ್ಟ್ರಿಂಗಿನ ತುದಿಯ ‘\0’ ಸೊನ್ನೆ. ಅಂಕಿ ‘0’ ಕೂಡ ಸೊನ್ನೆ, ಆದರೆ ಆಸ್ಕಿ ಸಂಕೇತಪಟ್ಟಿಯಲ್ಲಿ ಅದರ ಬೆಲೆ 48. ಏನನ್ನೂ ತೋರದ ನಲ್ ಪಾಯಿಂಟರನ್ನೂ ಮಕ್ಕಳು ಸೊನ್ನೆ ಅಂತಾರೆ. ಸ್ಟ್ರ್‌ಕಂಪ್ ಎರಡು ಸ್ಟ್ರಿಂಗ್ ಒಂದೇ ಆಗಿದ್ದರೆ ಕೊಡುವುದೂ ಸೊನ್ನೆ, ಸಿಯಲ್ಲಿ ಸೊನ್ನೆ ಅಂದರೆ ಸುಳ್ಳು ಅಂತ ಲೆಕ್ಕ, ಹಾಗಾಗಿ ಮಕ್ಕಳು ಅದನ್ನು ‘ಅಲ್ಲ’ ಅಂತ ಓದುತ್ತಾರೆ. ಸುಮ್ನೆ ‘ಶೂನ್ಯ’ ಅಂತ ಬದಲಿಸಿದರೆ ಪದ ಭಾರವಾಗುತ್ತದೆ, ಗೋಜಲು ಹಾಗೇ ಉಳಿಯುತ್ತದೆ. ತುದಿಯದಕ್ಕೆ ‘ಕೊನೆಗುರುತು’ ಅನ್ನೋಣ ಅಂತ ನನಗೆ. ಬೆಲೆ ಬಿಟ್ಟು ಕೆಲಸದ ಮೇಲೆ ಹೆಸರಿಡುವುದು. ಇದಕ್ಕೆ ಇತಿಹಾಸದ ಬೆಂಬಲವೂ ಇದೆ. ಸಿಗಿಂತ ಹಳೆಯ ಬಿಸಿಪಿಎಲ್ ಭಾಷೆಯಲ್ಲಿ ಸ್ಟ್ರಿಂಗಿನ ಉದ್ದವನ್ನು ಮೊದಲೇ ಬರೆದಿಡುತ್ತಿದ್ದರು. ಆಮೇಲೆ ಬಂದ ಬಿ ಭಾಷೆ ಅದನ್ನು ಬಿಟ್ಟು ತುದಿಗೆ ಒಂದು ಗುರುತು ಇಟ್ಟಿತು, ಬರೆಯುತ್ತಿದ್ದದ್ದು ‘*ಇ’ ಅಂತ. ಎಣಿಕೆಗೆ ಸಿಗುವುದು ಎಂಟೋ ಒಂಬತ್ತೋ ಬಿಟ್‌ನ ಜಾಗ, ಉದ್ದಕ್ಕೆ ಮಿತಿ ಬೀಳುತ್ತದೆ ಅನ್ನುವುದು ಒಂದು ಕಾರಣ ಅಂತ ಸಿ ಭಾಷೆ ಕಟ್ಟಿದ ಡೆನಿಸ್ ರಿಚಿ ಹೇಳಿದ್ದಾರೆ. ಸಿ ಭಾಷೆ ಆ ಪದ್ಧತಿಯನ್ನು ಉಳಿಸಿಕೊಂಡು ಗುರುತನ್ನು ‘\0’ ಮಾಡಿತು.

ಕೊನೆಯದು ‘ಚಾರ್’. ಇದನ್ನು ‘ಅಕ್ಷರ’ ಅಂತ ಅನುವಾದಿಸುವುದಕ್ಕೆ ನನ್ನ ಪೂರ್ತಿ ವಿರೋಧ ಇದೆ. ‘ಮಡಿಕೇರಿ’ ಅಂತ ಕೊಟ್ಟು ತಾನೇ ಬರೆದ ಸ್ಟ್ರ್‌ಲೆನ್ ಓಡಿಸಿದ ಹುಡುಗನಿಗೆ ಬಂದ ಉತ್ತರ 21. ನಾಲ್ಕು ಅಕ್ಷರಕ್ಕೆ ಇಪ್ಪತ್ತೊಂದಾ ಅಂತ ಕೋಡನ್ನು ಅಳಿಸಲು ಹೊರಟಿದ್ದ. ಲೈಬ್ರರಿಯ ಸ್ಟ್ರ್‌ಲೆನ್ ಓಡಿಸಿ ನೋಡು ಅಂದೆ, ಅದೂ 21 ಅಂದಿತು. ಮ, ಡ, ಇ-ಗುಣಿತ, ಕ, ಏ-ಗುಣಿತ, ರ, ಇ-ಗುಣಿತ: ಯೂನಿಕೋಡ್ ಲೆಕ್ಕದಲ್ಲಿ ಏಳು. ಆ ಸಂಕೇತಗಳನ್ನು ಬೈಟಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಸ್ಟ್ರ್‌ಲೆನ್ ಎಣಿಸುವುದು ಬೈಟನ್ನು. ಹಾಗಾದರೆ ‘ಚಾರ್’ಗೆ ನೇರವಾಗಿ ‘ಬೈಟ್’ ಅನ್ನುವುದೇ ವಾಸಿ.

ನನ್ನ ಪ್ರಶ್ನೆ ಎರಡು. ‘ಕೊನೆಗುರುತು’ ನಿಮ್ಮ ಕಿವಿಗೆ ಸರಿ ಕೇಳುತ್ತದಾ, ಅಥವಾ ಈಗಾಗಲೇ ಬಳಕೆಯಲ್ಲಿರುವ ಬೇರೆ ಪದ ಇದೆಯಾ? ಮತ್ತೆ, ಕನ್ನಡದಲ್ಲಿ ಸಿ ಪಾಠ ಮಾಡುವವರು ಬೋರ್ಡಿನ ಮುಂದೆ ನಿಂತು ‘*ಪಿ’ಯನ್ನು ಏನಂತ ಓದುತ್ತೀರಿ? ‘ಪಿ ತೋರುವಲ್ಲಿ’ ಅನ್ನುವುದು ನನ್ನ ಮಕ್ಕಳಿಗೆ ಹಿಡಿಸಿದೆ. ಆದರೆ ಪಾಯಿಂಟರ್‌ಗೇ ಪಾಯಿಂಟರ್ ಆಗಿ ‘ಪಿ’ ಬಂದಾಗ ‘**ಪಿ’ ಅನ್ನುವುದು ‘ಪಿ ತೋರುವಲ್ಲಿ ಇರುವುದು ತೋರುವಲ್ಲಿ’ ಅಂತ ಆಗುತ್ತದೆ. ಅದನ್ನು ಗಿಡ್ಡ ಮಾಡುವ ಉಪಾಯ ಗೊತ್ತಿದ್ದರೆ ಹೇಳಿ.