ಸಹಾಯ ಬೇಕು: ಬಾಗಿದ ಎಲ್‌ಪಿ (ಹಾಡಿನ ತಟ್ಟೆ) ನೇರ ಮಾಡುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಜಯನಗರದಲ್ಲಿ ಇರುವವನು. ಪಿಂಕ್ ಫ್ಲಾಯ್ಡ್ ರಾಕ್ ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಹೊಸ ಆಲ್ಬಮ್‌ಗೆ 2015ರಿಂದ ಕಾದಿದ್ದೆ. 2024ರ ಸೆಪ್ಟೆಂಬರ್‌ನಲ್ಲಿ 'ಲಕ್ ಅಂಡ್ ಸ್ಟ್ರೇಂಜ್' ಬಂತು. ಅವತ್ತು ಫೋನಿನಲ್ಲೇ ಕೇಳಿ ಕಣ್ಣು ತುಂಬಿತ್ತು. ಎಲ್‌ಪಿ ಈಗ ಕೈಗೆ ಸಿಕ್ಕಿದೆ, ಆದರೆ ಅಂಚು ಬಾಗಿದೆ. ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದರು.

ಅಂಚಿನಲ್ಲಿರುವುದು ಮೊದಲ ಹಾಡುಗಳು ಅಲ್ವಾ? ಎರಡನೆಯದೇ ಶೀರ್ಷಿಕೆ ಹಾಡು. ಅದರಲ್ಲಿ ಅದೇ ಬ್ಯಾಂಡಿನ ರಿಚರ್ಡ್ ರೈಟ್ ಅವರ ಕೀಬೋರ್ಡ್ ಇದೆ. 2007ರಲ್ಲಿ ಗಿಲ್ಮೋರ್ ಮನೆಯ ಹಳೇ ಕಣಜದಲ್ಲಿ ಸುಮ್ನೆ ನುಡಿಸುತ್ತಾ ಕೂತಾಗ ರೆಕಾರ್ಡ್ ಆಗಿದ್ದು. ಮರುವರ್ಷ ರೈಟ್ ತೀರಿಕೊಂಡರು. ಸರಿಯಾಗಿ ಅಲ್ಲೇ ಮುಳ್ಳು ಹಾರುತ್ತದೆ.

ಎರಡು ಗಾಜಿನ ನಡುವೆ ಇಟ್ಟು ಒಂದು ವಾರ ಭಾರ ಹೇರಿದೆ. ಜಾಸ್ತಿ ಏನೂ ಬದಲಾಗಲಿಲ್ಲ. ಬಿಸಿ ಮಾಡಲು ಧೈರ್ಯ ಇಲ್ಲ. ನೇರ ಮಾಡುವ ಯಂತ್ರ ಇರುವವರು, ಇಲ್ಲವೇ ಅಂಚನ್ನು ಒತ್ತಿ ಹಿಡಿಯುವ ಲೋಹದ ಬಳೆ ಎರಡು ದಿನಕ್ಕೆ ಕೊಡುವವರು ಇದ್ದರೆ ದಯವಿಟ್ಟು ತಿಳಿಸಿ. ಬೆಂಗಳೂರಲ್ಲಿ ಎಲ್ಲಿಗಾದರೂ ಬರುತ್ತೇನೆ, ಖರ್ಚು ನನ್ನದು.

ಭಾನುವಾರ ಅಣ್ಣ ಬರುತ್ತಿದ್ದಾನೆ. 2002ರಲ್ಲಿ ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ ಅರಮನೆ ಮೈದಾನದಲ್ಲಿ ಹಾಡಿದಾಗ ನನ್ನನ್ನು ಕರೆದುಕೊಂಡು ಹೋದವನು ಅವನೇ. ಈ ಎಲ್‌ಪಿಯ ಶೀರ್ಷಿಕೆ ಹಾಡನ್ನು ಅವನ ಜೊತೆ ಕೂತು ಪೂರ್ತಿ ಕೇಳಬೇಕು.