ಕೂಲೆಂಟ್ ಸೋರಿಕೆ: ಸೋರುವುದನ್ನಷ್ಟೇ ಬದಲಿಸಬೇಕಾ, ಎಲ್ಲವನ್ನೂ ಒಟ್ಟಿಗೆ ಮಾಡಿಸಬೇಕಾ?

ಹೊಸಕೂಪೆ:
ಎಲ್ಲರಿಗೂ ನಮಸ್ಕಾರ. ಟರ್ಬೊ ಇರುವ ಆರು ಸಿಲಿಂಡರ್ ಕೂಪೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಒಂದು ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ. ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ನಿಧಾನವಾಗಿ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಜೋರಾಗಿ ಓಡಿಸಿ ನಿಲ್ಲಿಸಿದಾಗ ಮಾತ್ರ ಬಾನೆಟ್ ಹತ್ತಿರ ಸಿಹಿ ವಾಸನೆ ಬರುತ್ತದೆ. ಟೆಂಪರೇಚರ್ ಮುಳ್ಳು ನಡುವೆಯೇ ಇರುತ್ತದೆ. ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲೆಂಟಿಗೆ ದಾರಿ ತೆರೆಯುವ ವಾಲ್ವ್) ಹೌಸಿಂಗ್ ಇರಬೇಕು ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಮುಂಭಾಗ ಬಿಚ್ಚುವುದು ಹೇಗೂ ಇದ್ದೇ ಇದೆ, ಪಂಪು, ಹೋಸು, ಟ್ಯಾಂಕು ಎಲ್ಲ ಹಾಕಿಸಿಬಿಡಲಾ? ಮಾಡಿಸಿದವರು ದಯವಿಟ್ಟು ಹೇಳಿ.

ನೇರಆರು:
ಯೋಚನೆ ಮಾಡಬೇಡಿ, ಎಲ್ಲ ಹಾಕಿಸಿ. ನನ್ನ ಕತೆ ಕೇಳಿ. ಮೊದಲು ಹೋದದ್ದು ಕೂಲೆಂಟ್ ತುಂಬುವ ಎಕ್ಸ್‌ಪಾನ್ಶನ್ ಟ್ಯಾಂಕ್. ಎರಡು ಪ್ಲಾಸ್ಟಿಕ್ ಭಾಗ ಬೆಸೆದ ಜಾಗದಲ್ಲಿ ಕಣ್ಣಿಗೆ ಕಾಣದಂಥ ಬಿರುಕು. ಟ್ಯಾಂಕ್ ಬದಲಾಯಿತು. ಹೊಸ ಟ್ಯಾಂಕ್ ಒತ್ತಡ ಸರಿಯಾಗಿ ಹಿಡಿಯಿತು ನೋಡಿ, ಮೇಲಿನ ಹೋಸಿನ ಪ್ಲಾಸ್ಟಿಕ್ ಕೊಂಡಿ ಮುರಿಯಿತು. ಅದು ಸರಿಯಾದ ಮೇಲೆ ರೇಡಿಯೇಟರಿನ ಪಕ್ಕದ ಟ್ಯಾಂಕ್. ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಮಡಚಿ ಕೂರಿಸಿರುತ್ತಾರಲ್ಲ, ಅಲ್ಲೇ ಒಸರಲು ಶುರು. ಎಲ್ಲವೂ ಒಂದೇ ವಯಸ್ಸಿನ ಪ್ಲಾಸ್ಟಿಕ್, ಒಂದೇ ಬಿಸಿ ತಿಂದಿದೆ. ಒಂದು ಹೋದರೆ ಉಳಿದವೂ ಸಾಲಿನಲ್ಲಿ ನಿಂತಿವೆ ಅಂತಲೇ ಲೆಕ್ಕ.

ಪ್ರತಿ ಸಲವೂ ಅದೇ ಫ್ಯಾನ್ ಕವರ್ ತೆಗೆಯುವ ಕೂಲಿ, ಅದೇ ಕೆಳಗಿನ ಹೊದಿಕೆಯ ಸ್ಕ್ರೂಗಳು, ಮತ್ತೆ ಹೊಸ ಕೂಲೆಂಟ್, ಮತ್ತೆ ಗಾಳಿ ತೆಗೆಯುವ ಕೆಲಸ. ಕ್ಲಿಪ್‌ಗಳು ಮುರಿದದ್ದಕ್ಕೆ ಬೇರೆ ಬಿಲ್. ಬಿಡಿಭಾಗಕ್ಕಿಂತ ಜಾಸ್ತಿ ದುಡ್ಡು ಬಿಚ್ಚಿ ಕೂಡಿಸುವುದಕ್ಕೇ ಹೋಯಿತು. ಪಂಪು ನನ್ನದು ಎಲೆಕ್ಟ್ರಿಕ್. ಬೆಲ್ಟಿನ ಪಂಪಾದರೆ ಬೇರಿಂಗ್ ಸದ್ದು ಮಾಡುತ್ತದೆ, ಸೀಲ್ ಹೋದರೆ ಸಣ್ಣ ತೂತಿನಿಂದ ಕೂಲೆಂಟ್ ಹೊರಬಂದು ಒಣಗಿ ಬಿಳಿ ಕಲೆಯಾಗುತ್ತದೆ. ಮೊದಲೇ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಪಂಪಿನ ಒಳಗಿನ ಸರ್ಕ್ಯೂಟ್ ಹೋದರೆ ಸುಮ್ನೆ ನಿಂತುಬಿಡುತ್ತದೆ. ಹಾಗಾಗಿ ಪಂಪು, ಥರ್ಮೋಸ್ಟಾಟ್ ಎರಡೂ ಒಂದೇ ದಿನ ಹಾಕಿಸಿದೆ. ಬೋಲ್ಟ್ ಅಲ್ಯೂಮಿನಿಯಂ ಆದರೆ ಹಳೆಯದನ್ನೇ ಮತ್ತೆ ಹಾಕಲು ಬಿಡಬೇಡಿ. ಅವನ್ನು ಸ್ವಲ್ಪ ಹಿಗ್ಗುವಷ್ಟು ಬಿಗಿದಿರುತ್ತಾರೆ, ಒಂದೇ ಸಲಕ್ಕೆ ಮುಗಿಯಿತು.

ಗ್ಯಾರೇಜ್‌ಮೂಲೆ:
ಈ ಸಲಹೆ ಕೇಳಿಯೇ ನನ್ನ ದುಡ್ಡು ಹೋದದ್ದು. ನನಗೂ ಒಂದು ವರ್ಕ್‌ಶಾಪಿನವರು ಇದೇ ಮಾತು ಹೇಳಿದರು. ಥರ್ಮೋಸ್ಟಾಟ್, ಪಂಪು, ಎರಡೂ ದೊಡ್ಡ ಹೋಸು, ಟ್ಯಾಂಕು, ಕ್ಯಾಪ್, ಎಲ್ಲ ಹೊಸದು. ಗಾಡಿ ಮನೆಗೆ ಬಂತು. ವಾಸನೆಯೂ ಜೊತೆಗೇ ಬಂತು! ಕೊನೆಗೆ ಸಿಕ್ಕಿದ್ದು ಟರ್ಬೊದ ಕೂಲೆಂಟ್ ಪೈಪಿನಲ್ಲಿ, ಬೋಲ್ಟಿನ ಎರಡೂ ಕಡೆ ಬರುವ ತೆಳು ಲೋಹದ ವಾಷರ್. ಅಷ್ಟು ಭಾಗ ಬದಲಿಸಿದ ಮೇಲೆ ಅಷ್ಟು ಚಿಕ್ಕ ವಾಷರ್! ಟರ್ಬೊ ಬಿಸಿಗೆ ಕೂಲೆಂಟ್ ಅಲ್ಲೇ ಆವಿಯಾಗಿಬಿಡುತ್ತದೆ, ನೆಲಕ್ಕೆ ಹನಿ ಬೀಳುವುದೇ ಇಲ್ಲ. ಹೊಸಕೂಪೆಯವರೇ, ನೀವು ಹೇಳಿದ ಲಕ್ಷಣ ಇದೇ ಅಲ್ವಾ?

ಮೊದಲು ಪ್ರೆಶರ್ ಟೆಸ್ಟ್. ಇಂಜಿನ್ ತಣ್ಣಗಿರುವಾಗ ಕ್ಯಾಪ್ ಜಾಗದಲ್ಲಿ ಕೈಪಂಪು ಕೂರಿಸಿ, ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಡಬೇಕು. ಪಂಪಿನ ಒತ್ತಡದ ಮುಳ್ಳು ಇಳಿದರೆ ಟಾರ್ಚ್ ಹಿಡಿದು ಹುಡುಕಬೇಕು. ಕಾಣದಿದ್ದರೆ ಯುವಿ ಡೈ (ಯುವಿ ಬೆಳಕಿನಲ್ಲಿ ಹೊಳೆಯುವ ಬಣ್ಣ) ಹಾಕಿ ಕೆಲವು ದಿನ ಓಡಿಸಿ ನೋಡಬೇಕು. ಕ್ಯಾಪನ್ನೂ ಬೇರೆಯಾಗಿ ಪರೀಕ್ಷಿಸಬೇಕು, ಅದನ್ನು ಯಾರೂ ಮಾಡುವುದಿಲ್ಲ. 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಬರೀ ನೀರೇ 120 ಡಿಗ್ರಿವರೆಗೆ ಕುದಿಯುವುದಿಲ್ಲ. ಕ್ಯಾಪ್ ಸ್ಪ್ರಿಂಗ್ ಸಡಿಲವಾದರೆ ಆ ರಕ್ಷಣೆಯೇ ಇಲ್ಲ. 'ಇರಬೇಕು' ಅನ್ನುವ ಮೆಕ್ಯಾನಿಕ್‌ಗೆ ಗಾಡಿ ಬಿಚ್ಚಲು ಬಿಡಬೇಡಿ.

ನೇರಆರು:
ಟೆಸ್ಟ್ ಬೇಡ ಅಂತ ನಾನು ಎಲ್ಲಿ ಹೇಳಿದೆ ಸ್ವಾಮಿ? ನಿಮ್ಮ ವರ್ಕ್‌ಶಾಪ್ ಸರಿಯಿಲ್ಲದಿದ್ದರೆ ಅದು ನನ್ನ ಸಲಹೆಯ ತಪ್ಪಾ? ತಣ್ಣಗಿರುವಾಗ ಪಾಸಾಗಿ ಬಿಸಿಯಲ್ಲಿ ಮಾತ್ರ ಸೋರುವ ಕೇಸುಗಳೂ ಇವೆ. ಟೆಸ್ಟ್ ಪಾಸ್ ಅಂತ ಹೆದ್ದಾರಿಗೆ ಹೋಗಿ, ಹತ್ತು ವರ್ಷದ ಕೊಂಡಿ ಅಲ್ಲಿ ಮುರಿದರೆ ಟೋ ಗಾಡಿಯ ಬಿಲ್ ನೀವು ಕೊಡ್ತೀರಾ?

ಟ್ರ್ಯಾಕ್‌ದಿನ:
ಇಬ್ಬರೂ ಕಂಪನಿ ಪ್ಲಾಸ್ಟಿಕ್ಕಿಗೇ ಜೋತುಬಿದ್ದಿದ್ದೀರಿ. ಪ್ಲಾಸ್ಟಿಕ್ ತೆಗೆದು ಮತ್ತೆ ಪ್ಲಾಸ್ಟಿಕ್ ಹಾಕಿದರೆ ಏನು ಬಂತು? ನಾನು ಪೂರ್ತಿ ಅಲ್ಯೂಮಿನಿಯಂ ರೇಡಿಯೇಟರ್, ಸಿಲಿಕೋನ್ ಹೋಸು, ಕಡಿಮೆ ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಹಾಕಿಸಿದ್ದೇನೆ. ರೇಡಿಯೇಟರ್ ಸ್ವಲ್ಪ ದಪ್ಪ ಇದ್ದದ್ದರಿಂದ ಫ್ಯಾನ್ ಕವರ್ ಕೂರಲಿಲ್ಲ. ಬ್ರಾಕೆಟ್ ಬೇರೆ ಮಾಡಿಸಬೇಕಾಯಿತು, ಇಂಟರ್‌ಕೂಲರ್ ಪೈಪ್ ಜಾಗ ಬಿಡಲಿಲ್ಲ, ಅದನ್ನೂ ಬದಲಿಸಬೇಕಾಯಿತು. ರೇಡಿಯೇಟರಿಗೆ ಕೊಟ್ಟದ್ದಕ್ಕಿಂತ ಅದನ್ನು ಕೂರಿಸುವುದಕ್ಕೇ ಜಾಸ್ತಿ ಆಯಿತು. ಆದರೂ ಇವತ್ತು ಬೇಸರವಿಲ್ಲ. ಟ್ರ್ಯಾಕಿಗೆ ಹೋಗುವಾಗ ಗ್ಲೈಕಾಲ್ ಇರುವ ಮಾಮೂಲಿ ಕೂಲೆಂಟ್ ಖಾಲಿ ಮಾಡಿ ನೀರು ಮತ್ತು ತುಕ್ಕು ತಡೆಯುವ ದ್ರವ ಹಾಕುತ್ತೇನೆ. ಗ್ಲೈಕಾಲ್ ಚೆಲ್ಲಿದರೆ ರಸ್ತೆ ಜಾರುತ್ತದೆ, ಅದಕ್ಕೇ ಎಷ್ಟೋ ಟ್ರ್ಯಾಕ್‌ಗಳು ಅದನ್ನು ಒಳಗೆ ಬಿಡುವುದಿಲ್ಲ. ಬಿಸಿ ಹೊರುವುದರಲ್ಲೂ ನೀರೇ ಮೇಲು.

ಸ್ಪ್ಯಾನರ್‌10:
ದಿನಾ ಓಡಿಸುವ ಗಾಡಿಯವರು ಕೇಳಿದ್ದಾರೆ, ಟ್ರ್ಯಾಕ್ ಕಾರಿನ ಉತ್ತರ ಕೊಡುತ್ತಿದ್ದೀರಿ. ಥರ್ಮೋಸ್ಟಾಟ್ ಬೇಗ ತೆರೆದರೆ ರೇಡಿಯೇಟರ್ ದೊಡ್ಡದಾಗುತ್ತದೆಯೇ? ಇಂಜಿನ್ ಪೂರ್ತಿ ದುಡಿದು ಬಿಸಿ ಏರಿದಾಗ ಯಾವ ಥರ್ಮೋಸ್ಟಾಟ್ ಇದ್ದರೂ ಅದು ಪೂರ್ತಿ ತೆರೆದೇ ಇರುತ್ತದೆ. ಆಮೇಲಿನದೆಲ್ಲ ರೇಡಿಯೇಟರ್, ಗಾಳಿ, ಪಂಪಿನ ಕೆಲಸ. ಎಷ್ಟೋ ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಥರ್ಮೋಸ್ಟಾಟ್ ನಡೆಸುತ್ತದೆ. ನಿಧಾನ ಓಡುವಾಗ 100 ಡಿಗ್ರಿ ಆಸುಪಾಸು ಇಟ್ಟು, ಆಕ್ಸಿಲರೇಟರ್ ಒತ್ತಿದಾಗ ಇಳಿಸುತ್ತದೆ. ಸದಾ ತಣ್ಣಗೆ ಓಡಿದರೆ ಆಯಿಲ್ ಬೇಗ ಬಿಸಿಯಾಗುವುದಿಲ್ಲ, ಸವೆತ ಜಾಸ್ತಿ.

ಸಿಲಿಕೋನ್ ಹೋಸಿನ ಬಗ್ಗೆಯೂ ಹೇಳಲೇಬೇಕು. ತೂತಿರುವ ಸಾಮಾನ್ಯ ಸ್ಕ್ರೂ ಕ್ಲಾಂಪ್ ಹಾಕಿದರೆ ಅದು ಹೋಸನ್ನು ಕತ್ತರಿಸುತ್ತದೆ. ಸ್ಪ್ರಿಂಗ್ ಇರುವ, ಬಿಗಿತ ಒಂದೇ ಸಮ ಇಡುವ ಕ್ಲಾಂಪೇ ಬೇಕು. ಸಿಲಿಕೋನ್ ಹೋಸಿನ ಗೋಡೆಯ ಮೂಲಕ ನೀರಾವಿ ಕೂಡ ಸ್ವಲ್ಪ ಹೊರಹೋಗುತ್ತದೆ.

ಇಲ್ಲಿ ಯಾರೂ ಹೇಳದ ಮಾತು: ಹೋಸು ಹಾಳಾಗುವುದಕ್ಕೆ ಆಯಿಲ್ ಸೋರಿಕೆಯೂ ಕಾರಣ. ಕಂಪನಿ ಹೋಸು ಇಪಿಡಿಎಂ ರಬ್ಬರ್. ಬಿಸಿ, ಕೂಲೆಂಟ್ ಎರಡನ್ನೂ ತಡೆಯುತ್ತದೆ, ಆದರೆ ಆಯಿಲ್ ತಾಗಿದರೆ ಊದಿ ಮೆತ್ತಗಾಗುತ್ತದೆ. ನನ್ನ ಗಾಡಿಯಲ್ಲಿ ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್ ಗಟ್ಟಿಯಾಗಿ ಸೋರಿ, ಕೆಳಗಿನ ಹೋಸು ಹಾಳಾಗಿತ್ತು. ಬೆಲ್ಟಿನ ಮೇಲೂ ಆಯಿಲ್. ಬೆಲ್ಟ್ ಜಾರಿ ಬಿಟ್ಟಿದ್ದರೆ ಕ್ರ್ಯಾಂಕ್ ಸೀಲ್ ಒಳಗೆ ಸಿಕ್ಕಿ ಇಂಜಿನ್ನೇ ಹೋಗುತ್ತಿತ್ತು. ಗ್ಯಾಸ್ಕೆಟ್ ಅಗ್ಗದ್ದು. ಅದನ್ನು ತಲುಪುವ ಕೂಲಿಯೇ ದೊಡ್ಡದು. ಮುಂಭಾಗ ಬಿಚ್ಚಿದಾಗ ಇದನ್ನು ಬಿಡಬೇಡಿ.

ಟ್ರ್ಯಾಕ್‌ದಿನ:
ಸಿಲಿಕೋನಿಗೆ ಸರಿಯಾದ ಕ್ಲಾಂಪ್ ಹಾಕಬೇಕು ಅಂತ ನನಗೂ ಗೊತ್ತು. ನನ್ನ ಹೋಸುಗಳು ಇವತ್ತಿಗೂ ಹನಿ ಬಿಟ್ಟಿಲ್ಲ. ಮಾಡಿಯೇ ನೋಡದೆ ಪುಸ್ತಕದಲ್ಲಿ ಓದಿ ಹೇಳುವುದು ಸುಲಭ.

ಸ್ಪ್ಯಾನರ್‌10:
ನನ್ನ ಗಾಡಿಯಲ್ಲೂ ಸಿಲಿಕೋನ್ ಹಾಕಿ, ತೆಗೆದೇ ಹೇಳುತ್ತಿದ್ದೇನೆ. ಆಯಿಲ್ ವಿಷಯದಲ್ಲಿ ಸಿಲಿಕೋನನ್ನೂ ನಂಬುವಂತಿಲ್ಲ. ಅದಕ್ಕೆ ಉತ್ತರ ಕೊಡಿ ಮೊದಲು.

ಹೊಸಕೂಪೆ:
ಎಲ್ಲರಿಗೂ ಧನ್ಯವಾದ. ಪ್ರೆಶರ್ ಟೆಸ್ಟ್ ಮಾಡಿಸುತ್ತೇನೆ. ಇನ್ನೊಂದು ಅನುಮಾನ. ಟ್ಯಾಂಕಿನಲ್ಲಿ ಗುಲಾಬಿ ಕೂಲೆಂಟ್ ಇದೆ. ಕಡಿಮೆಯಾದಷ್ಟು ಹಸಿರು ಹಾಕಿ ತುಂಬಿಸೋಣ ಅಂತಾರೆ. ಪರವಾಗಿಲ್ವಾ?

ಹಳೇಕೂಪೆ:
ಬೇಡವೇ ಬೇಡ. ಬಣ್ಣ ಅನ್ನುವುದು ಬರೀ ಬಣ್ಣ, ಯಾವ ಕಂಪನಿ ಯಾವ ಬಣ್ಣ ಹಾಕಬೇಕು ಅಂತ ನಿಯಮವಿಲ್ಲ. ಒಳಗಿನ ತುಕ್ಕು ತಡೆಯುವ ರಾಸಾಯನಿಕ ಯಾವುದು ಅನ್ನುವುದು ಮುಖ್ಯ. ಮ್ಯಾನುಯಲ್‌ನಲ್ಲಿ ಕೊಟ್ಟಿರುವ ಸ್ಪೆಸಿಫಿಕೇಶನ್ ನೋಡಿ ಅದನ್ನೇ ಹಾಕಿಸಿ. ಸಿಲಿಕೇಟ್ ಇರುವ ಹಳೆ ಜಾತಿ, ಸಾವಯವ ಆಮ್ಲದ ಹೊಸ ಜಾತಿ ಬೆರೆಸಿದರೆ ಎರಡರ ಆಯಸ್ಸೂ ಹೋಗುತ್ತದೆ. ಕೆಲವು ಸಲ ಗಟ್ಟಿಯಾಗಿ ಹೀಟರಿನ ಸಣ್ಣ ದಾರಿಗಳಲ್ಲಿ ಕೂರುತ್ತದೆ. ನಲ್ಲಿ ನೀರೂ ಬೇಡ, ಡಿಸ್ಟಿಲ್ಡ್ ನೀರೇ ಆಗಬೇಕು.

ಮುಳ್ಳನ್ನೂ ನಂಬಬೇಡಿ. ಎಷ್ಟೋ ಕಾರುಗಳಲ್ಲಿ 80 ಡಿಗ್ರಿಯಿಂದ 105ರ ಹತ್ತಿರದವರೆಗೂ ಮುಳ್ಳು ಅಲ್ಲಾಡದಂತೆ ಮಾಡಿರುತ್ತಾರೆ. ನನ್ನ ಕಾರಿನ ಮುಳ್ಳೂ ನಡುವೆಯೇ ಇತ್ತು. ಕೂಲೆಂಟ್ ಕಡಿಮೆಯಾಗಿ ಸೆನ್ಸರ್ ಆವಿಯಲ್ಲಿ ನಿಂತಿತ್ತು, ಅದಕ್ಕೆ ನಿಜವಾದ ಬಿಸಿ ಗೊತ್ತಾಗಲೇ ಇಲ್ಲ. ಸಿಲಿಂಡರುಗಳ ಮೇಲೆ ಕೂರುವ ಹೆಡ್ ಬಿಸಿಗೆ ಬಾಗಿತು. ಮಟ್ಟ ಮಾಡಿಸುವುದು, ವಾಲ್ವ್ ಸೀಲ್, ಹೆಡ್ ಗ್ಯಾಸ್ಕೆಟ್, ಹೊಸ ಬೋಲ್ಟ್, ಟೈಮಿಂಗ್ ಚೈನ್ ಗೈಡ್, ಆಯಿಲ್, ಕೂಲೆಂಟ್, ತಿಂಗಳುಗಟ್ಟಲೆ ಗಾಡಿ ನಿಂತಿತ್ತು. ಮೆಷಿನ್ ಶಾಪಿನವರು ಮೊದಲ ಸಲ ಮಟ್ಟ ಸರಿಯಾಗಿ ನೋಡದೆ ಕಳಿಸಿದರು, ಎಲ್ಲ ಮತ್ತೆ ಬಿಚ್ಚಿದೆವು. ಅದಕ್ಕೇ ಹೇಳುವುದು, ಓಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರ್ ಮಾಹಿತಿ ಓದುವ ಸಾಕೆಟ್) ಒಂದು ಚಿಕ್ಕ ರೀಡರ್ ಹಾಕಿ ನಿಜವಾದ ಡಿಗ್ರಿ ನೋಡುತ್ತಿರಿ. ಬಿಸಿ ಇಂಜಿನ್ನಿನ ಕ್ಯಾಪ್ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ.

ನೇರಆರು:
ನೋಡಿ, ಇದೇ ನಾನು ಮೊದಲಿಂದ ಹೇಳುತ್ತಿರುವುದು. ಸಣ್ಣ ಸೋರಿಕೆಗೆ ಕಾಯುತ್ತಾ ಕೂತರೆ ಹೆಡ್ ಹೋಗುತ್ತದೆ.

ಗ್ಯಾರೇಜ್‌ಮೂಲೆ:
ಅಣ್ಣಾ, ಅವರ ಹೆಡ್ ಹೋದದ್ದು ಸೋರಿಕೆ ಎಲ್ಲಿ ಅಂತ ಹುಡುಕದೆ ಬಿಟ್ಟದ್ದಕ್ಕೆ, ಪಂಪು ಹಳೆಯದಾದದ್ದಕ್ಕಲ್ಲ. ಹೊಸಕೂಪೆಯವರೇ, ಪ್ರೆಶರ್ ಟೆಸ್ಟ್ ಜೊತೆಗೆ ಬ್ಲಾಕ್ ಟೆಸ್ಟನ್ನೂ ಮಾಡಿಸಿ. ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಅದು ಹಳದಿಯಾದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದೆ ಅಂತ ಅರ್ಥ. ಹಾಗಾದರೆ ಥರ್ಮೋಸ್ಟಾಟ್ ಹಾಕಿ ಪ್ರಯೋಜನವಿಲ್ಲ.

ಹಳೇಕೂಪೆ:
ನನ್ನ ಗಾಡಿಯ ಬಗ್ಗೆ ನೀವಿಬ್ಬರೂ ಜಗಳ ಆಡಬೇಡಿ. ಪ್ರೆಶರ್ ಟೆಸ್ಟ್ ಮಾಡಿಸಿದ್ದೆ, ಪಾಸಾಗಿತ್ತು. ತಣ್ಣಗಿದ್ದಾಗ ಏನೂ ಇಲ್ಲ, ಬಿಸಿಯಲ್ಲಿ ಮಾತ್ರ ಹೀಟರ್ ಪೈಪಿನ ಕೊಂಡಿ ಸೋರುತ್ತಿತ್ತು.

ಗ್ಯಾರೇಜ್‌ಮೂಲೆ:
ಎಷ್ಟು ಒತ್ತಡಕ್ಕೆ ಮಾಡಿದ್ದರು, ಎಷ್ಟು ಹೊತ್ತು ಬಿಟ್ಟಿದ್ದರು ಅಂತ ಬಿಲ್‌ನಲ್ಲಿ ಬರೆದಿದ್ದರಾ?

ಹಳೇಕೂಪೆ:
ಬರೆದಿದ್ದಾರೆ. 1.4 ಬಾರ್, ಇಪ್ಪತ್ತು ನಿಮಿಷ. ನನ್ನ ಕ್ಯಾಪ್ ಮೇಲಿರುವುದೂ 1.4 ಬಾರ್. ಈಗ ಹೇಳಿ.