ದೇವಿಮನೆ ಘಟ್ಟದಲ್ಲಿ ಎಂಜಿನ್ ನಿಂತಿತು: ಪಂಪೋ, ಬೆಲ್ಟೋ?

ತಟ್ಟೀಸರದವ | ಸೋಮವಾರ, ರಾತ್ರಿ 9.40

ಗಾಡಿ ಫೋರ್ಡ್ ಫಿಗೊ, 1.4 ಡೀಸೆಲ್, 2012ರದು. ಓಡಿದ್ದು 1,32,000 ಕಿಲೋಮೀಟರ್. ನಾನು ಮೂರನೆಯ ಮಾಲೀಕ, ಕೊಂಡು ಎರಡು ವರ್ಷವಾಯಿತು.

ನಿನ್ನೆ ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದೆ. ದೇವಿಮನೆ ಗುಡಿ ದಾಟಿ ಇಳಿಜಾರಿನಲ್ಲಿ ಮೂರನೇ ಗೇರಿನಲ್ಲಿ ಬರುತ್ತಿದ್ದಾಗ ಎಂಜಿನ್ ನಿಂತಿತು. ದೊಡ್ಡ ಸದ್ದೇನೂ ಇಲ್ಲ. ಅಡಿಕೆ ಕತ್ತರಿಯ ಹಾಗೆ ಒಂದೆರಡು ಸಲ ಕಟಕಟ ಎಂದಿದ್ದಷ್ಟೇ. ಮೀಟರಿನಲ್ಲಿ ಕೆಂಪು ದೀಪಗಳು ಹತ್ತಿದವು. ಮೊದಲ ಎರಡು ಸಲ ಬ್ರೇಕ್ ಸರಿಯಾಗಿ ಹಿಡಿಯಿತು, ಮೂರನೇ ಸಲಕ್ಕೆ ಪೆಡಲ್ ಕಲ್ಲಾಯಿತು. ಹೆದರಿ ಗೇರಿನಲ್ಲೇ ಬಿಟ್ಟುಕೊಂಡು ಎರಡು ತಿರುವು ಇಳಿದು, ಅಗಲವಿದ್ದ ಕಡೆ ನಿಲ್ಲಿಸಿದೆ. ಮೊಬೈಲಿಗೆ ಸಿಗ್ನಲ್ ಇಲ್ಲ, ಮೇಲಿನಿಂದ ಮಳೆ, ಕೆಳಗಿನಿಂದ ಉಂಬಳ. ಒಂದು ಗಂಟೆಯ ಮೇಲೆ ಕತಗಾಲದ ಕಡೆಗೆ ಹೋಗುತ್ತಿದ್ದ ಪಿಕಪ್‌ನವರು ಹಗ್ಗ ಕಟ್ಟಿ ಎಳೆದುಕೊಂಡು ಹೋದರು.

ಕುಮಟಾದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ, ಅಂದರೆ ರೈಲಿನಲ್ಲಿ, ಒತ್ತಡ ಸೊನ್ನೆ, ಹೈ ಪ್ರೆಶರ್ ಪಂಪ್ ಹೋಗಿದೆ ಎಂದರು. ಪಂಪ್ ಮತ್ತು ಕೂಲಿ ಸೇರಿ ಹೇಳಿದ ಮೊತ್ತಕ್ಕೆ ನನ್ನ ಅರ್ಧ ಗಾಡಿ ಬರುತ್ತದೆ. ಒಪ್ಪಿಕೊಳ್ಳುವ ಮೊದಲು ಇಲ್ಲಿ ಕೇಳೋಣ ಎಂದುಕೊಂಡೆ. ಬ್ಯಾಟರಿ ಚೆನ್ನಾಗಿದೆ, ಸ್ಟಾರ್ಟರ್ ತಿರುಗುತ್ತದೆ.

ಕಡಲಕರೆ | ಸೋಮವಾರ, ರಾತ್ರಿ 10.05

ಡೀಸೆಲ್‌ನಲ್ಲಿ ನೀರು ಸೇರಿರುತ್ತದೆ. ಮಳೆಗಾಲದಲ್ಲಿ ನನಗೂ ಹೀಗೇ ಆಗಿತ್ತು. ಫಿಲ್ಟರ್ ಬದಲಿಸಿ, ಗಾಳಿ ತೆಗೆದು ನೋಡಿ.

ಹಳೇ ಪಾನ | ಸೋಮವಾರ, ರಾತ್ರಿ 10.30

ಫಿಲ್ಟರ್ ಆಮೇಲೆ. ತಟ್ಟೀಸರದವರೇ, ಇದೊಂದು ಹೇಳಿ: ಸ್ಟಾರ್ಟರ್ ತಿರುಗುವಾಗ ಸದ್ದು ಹೇಗಿದೆ? ಎಂದಿನಂತೆ ಏದುಸಿರು ಬಿಟ್ಟ ಹಾಗೆ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆಯೋ, ಅಥವಾ ಹಿಟ್ಟಿನ ಗಿರಣಿಯ ಮೋಟಾರಿನಂತೆ ಒಂದೇ ಸಮನೆ ಗಿರ್ರೆನ್ನುತ್ತದೆಯೋ? ನೆನಪಿನಿಂದ ಹೇಳಿದರೆ ಸಾಕು, ಪರೀಕ್ಷಿಸಲೆಂದು ಮತ್ತೆ ಕೀಲಿ ತಿರುಗಿಸಬೇಡಿ. ತಳ್ಳಿ ಸ್ಟಾರ್ಟ್ ಮಾಡಲು ಯಾರಿಗೂ ಬಿಡಬೇಡಿ.

ತಟ್ಟೀಸರದವ | ಸೋಮವಾರ, ರಾತ್ರಿ 10.42

ಒಂದೇ ಸಮನೆ ಗಿರ್ರೆಂದಿತು. ಹಗುರವಾಗಿ, ವೇಗವಾಗಿ. ನಾನು ಬ್ಯಾಟರಿ ಒಳ್ಳೆಯದಿದೆಯಲ್ಲ ಎಂದು ಖುಷಿಪಟ್ಟಿದ್ದೆ.

ಹಳೇ ಪಾನ | ಸೋಮವಾರ, ರಾತ್ರಿ 11.10

ಅದು ಬ್ಯಾಟರಿಯ ಗುಣವಲ್ಲ. ಸಿಲಿಂಡರಿನಲ್ಲಿ ಕಂಪ್ರೆಶನ್, ಅಂದರೆ ಗಾಳಿಯ ಒತ್ತು, ಇಲ್ಲದ್ದರಿಂದ ಸ್ಟಾರ್ಟರಿಗೆ ಭಾರವೇ ಸಿಗುತ್ತಿಲ್ಲ. ಡೀಸೆಲ್‌ನಲ್ಲಿ ನೀರು ಸೇರಿದರೂ, ಪಂಪ್ ಸತ್ತರೂ ಕಂಪ್ರೆಶನ್ ಎಲ್ಲಿಗೂ ಹೋಗುವುದಿಲ್ಲ. ಟೈಮಿಂಗ್ ಬೆಲ್ಟ್ ಹೋಗಿ, ವಾಲ್ವ್‌ಗಳು ಸಮಯಕ್ಕೆ ಮುಚ್ಚದೆ ಗಾಳಿ ಹೊರಹೋಗುತ್ತಿದೆ ಎಂಬುದು ನನ್ನ ಊಹೆ.

ನೀವು ಹೇಳಿದ ಉಳಿದದ್ದೂ ಇದಕ್ಕೇ ಹೊಂದುತ್ತದೆ. ಈ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್, ಹೈ ಪ್ರೆಶರ್ ಪಂಪ್, ವಾಟರ್ ಪಂಪ್ ಮೂರನ್ನೂ ತಿರುಗಿಸುವುದು ಒಂದೇ ಬೆಲ್ಟ್. ಬೆಲ್ಟ್ ತಿರುಗದಿದ್ದರೆ ಪಂಪ್ ತಿರುಗುವುದಿಲ್ಲ, ಪಂಪ್ ತಿರುಗದಿದ್ದರೆ ರೈಲಿನಲ್ಲಿ ಒತ್ತಡ ಎಲ್ಲಿಂದ ಬರಬೇಕು? ಸ್ಕ್ಯಾನರ್ ಸುಳ್ಳು ಹೇಳಿಲ್ಲ, ಓದಿದವರು ಅರ್ಧಕ್ಕೆ ನಿಲ್ಲಿಸಿದರು. ಪಿ 0340 ಎಂಬ ಕೋಡ್ ಬಂದಿತ್ತೇ ಎಂದು ಕೇಳಿ. ಕ್ಯಾಮ್ ಸೆನ್ಸರಿನ ಸುದ್ದಿ ಬರುತ್ತಿಲ್ಲ ಎಂದು ಅದರ ಅರ್ಥ. ಬ್ರೇಕ್ ಕಲ್ಲಾಗಿದ್ದೂ ಹೀಗೆಯೇ: ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಕ್ಯಾಮಿನ ತುದಿಯಲ್ಲಿದೆ. ಕ್ಯಾಮ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿದಿದ್ದ ನಿರ್ವಾತ ಎರಡು ಸಲಕ್ಕೆ ಸಾಕಾಯಿತು.

ನಾಳೆ ಮೇಲಿನ ಬೆಲ್ಟ್ ಕವರ್ ಬಿಚ್ಚಿಸಿ ನೋಡಿ.

ತಟ್ಟೀಸರದವ | ಮಂಗಳವಾರ, ಮಧ್ಯಾಹ್ನ 1.15

ಪಿ 0340 ಇತ್ತಂತೆ! ಆದರೆ ಕವರ್ ಬಿಚ್ಚಿದರೆ ಬೆಲ್ಟ್ ಇದ್ದಲ್ಲೇ ಇದೆ. ತುಂಡಾಗಿಲ್ಲ, ಬಿಗಿಯಾಗಿಯೇ ಇದೆ, ಬೆನ್ನ ಮೇಲಿನ ಅಕ್ಷರ ಕೂಡ ಓದಬಹುದು. ಮೇಸ್ತ್ರಿಯವರು ನನ್ನ ಮುಖ ನೋಡಿ ನಕ್ಕರು. ಹಾಗಾದರೆ ಪಂಪೇ?

ಹಳೇ ಪಾನ | ಮಂಗಳವಾರ, ಮಧ್ಯಾಹ್ನ 2.00

ನಗಲಿ. ನೀವು ನೋಡಿದ್ದು ಬೆಲ್ಟಿನ ಬೆನ್ನು. ಬಾಯಿ ನೋಡಿಲ್ಲ. ಕ್ಯಾಮಿನ ಪುಲ್ಲಿ ದೊಡ್ಡದು, ಅದನ್ನು ತುಂಬಾ ಹಲ್ಲುಗಳು ಹಿಡಿದುಕೊಂಡಿರುತ್ತವೆ. ಕೆಳಗೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿನ ಪುಲ್ಲಿ ಅದರ ಅರ್ಧದಷ್ಟು, ಹಿಡಿಯುವ ಹಲ್ಲುಗಳೂ ಕಡಿಮೆ, ಎಲ್ಲವನ್ನೂ ಎಳೆಯುವ ಭಾರವೂ ಅಲ್ಲಿಯೇ. ಹಲ್ಲು ಕಿತ್ತುಹೋಗುವುದು ಹೆಚ್ಚಾಗಿ ಅಲ್ಲಿ.

ಕ್ರ್ಯಾಂಕ್ ಬೋಲ್ಟಿಗೆ ಪಾನ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ ಕಾಲು ಸುತ್ತು ತಿರುಗಿಸಿ. ತಡೆದರೆ ಒತ್ತಾಯ ಮಾಡಬೇಡಿ, ಪಿಸ್ಟನ್ ವಾಲ್ವಿಗೆ ತಾಗಿದೆ ಎಂದರ್ಥ. ಇನ್ನೊಬ್ಬರು ಮೇಲಿನಿಂದ ಟಾರ್ಚ್ ಬಿಟ್ಟು ಕ್ಯಾಮ್ ಪುಲ್ಲಿ ನೋಡುತ್ತಿರಲಿ. ಕ್ರ್ಯಾಂಕ್ ತಿರುಗಿ ಕ್ಯಾಮ್ ಅಲುಗದಿದ್ದರೆ ಕಥೆ ಮುಗಿಯಿತು.

ತಟ್ಟೀಸರದವ | ಮಂಗಳವಾರ, ಸಂಜೆ 6.20

ಕ್ಯಾಮ್ ಅಲುಗಲಿಲ್ಲ. ಕೆಳಗಿನ ಕವರ್ ತೆಗೆದಾಗ ಹಿಡಿಯಷ್ಟು ಕಪ್ಪು ಚೂರು ಉದುರಿತು, ಒಣಗಿದ ಕಾಳುಮೆಣಸಿನ ಹಾಗೆ. ಬೆಲ್ಟಿನ ಒಳಮೈಯಲ್ಲಿ ಒಂದು ಗೇಣು ಉದ್ದಕ್ಕೆ ಒಂದೇ ಒಂದು ಹಲ್ಲಿಲ್ಲ, ಬಿಳಿ ನೂಲು ಕಾಣುತ್ತಿದೆ. ಉಗುರಿನಿಂದ ಒತ್ತಿದರೆ ಪಕ್ಕದ ಹಲ್ಲುಗಳೂ ಹಳೆಯ ರಬ್ಬರ್ ಚಪ್ಪಲಿಯಂತೆ ಮೆತ್ತಗೆ ಬಾಗುತ್ತವೆ. ಕೈಗೆಲ್ಲ ಆಯಿಲ್.

ಈಗ ಮೇಸ್ತ್ರಿಯವರು ಪಂಪಿನ ಮಾತು ಬಿಟ್ಟಿದ್ದಾರೆ. ವಾಲ್ವ್ ಎಲ್ಲ ಬಾಗಿ ಪಿಸ್ಟನ್ ಒಡೆದಿರುತ್ತದೆ, ಹಳೆಯ ಎಂಜಿನ್ ತಂದು ಹಾಕುವುದೇ ಮೇಲು ಎನ್ನುತ್ತಿದ್ದಾರೆ.

ಕಡಲಕರೆ | ಮಂಗಳವಾರ, ರಾತ್ರಿ 8.00

ಫಿಲ್ಟರಿನ ವಿಷಯ ಹಿಂದೆಗೆದುಕೊಂಡೆ. ಆದರೆ ಕರಾವಳಿಯ ಉಪ್ಪುಗಾಳಿಗೆ ಬೆಲ್ಟ್ ಬೇಗ ಹಾಳಾಗುತ್ತದೆ ಎಂದು ಕಾರವಾರದಲ್ಲಿ ಎಲ್ಲರೂ ಹೇಳುತ್ತಾರೆ.

ಹಳೇ ಪಾನ | ಮಂಗಳವಾರ, ರಾತ್ರಿ 9.15

ಉಪ್ಪು ತಿನ್ನುವುದು ಕಬ್ಬಿಣವನ್ನು. ಸೈಲೆನ್ಸರ್, ತಳದ ತಗಡು, ಹೆಚ್ಚೆಂದರೆ ಬೆಲ್ಟಿಗೆ ದಾರಿ ತೋರುವ ಐಡ್ಲರ್ ಚಕ್ರದ ಬೇರಿಂಗ್. ಇಲ್ಲಿ ರಬ್ಬರನ್ನು ಮೆತ್ತಗೆ ಮಾಡಿದ್ದು ಆಯಿಲ್. ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್ ಅಥವಾ ಕ್ಯಾಮಿನ ಸೀಲ್ ಸೋರುತ್ತಿದೆ. ಹೊಸ ಬೆಲ್ಟ್ ಹಾಕಿ ಸೀಲ್ ಹಳೆಯದೇ ಬಿಟ್ಟರೆ ಇನ್ನೊಂದು ದೇವಿಮನೆ ಗ್ಯಾರಂಟಿ.

ಇನ್ನು ಎಂಜಿನ್ ಬದಲಿಸುವ ಮಾತು. ನಿಲ್ಲಿ ಮಾರಾಯರೇ, ಯಾರೂ ಒಳಗೆ ನೋಡಿಯೇ ಇಲ್ಲ. ಬೆಲ್ಟ್ ಜಾರಿದರೆ ಪಿಸ್ಟನ್ ಹೋಗಿ ತೆರೆದ ವಾಲ್ವಿಗೆ ಬಡಿಯುವ ಎಂಜಿನ್ನೇ ಇದು, ಅದರಲ್ಲಿ ಅನುಮಾನವಿಲ್ಲ. ನೀವು ಕೇಳಿದ ಕಟಕಟ ಅದೇ. ಗೇರಿನಲ್ಲಿ ಇಳಿದಿದ್ದರಿಂದ ಚಕ್ರಗಳು ಕ್ರ್ಯಾಂಕನ್ನು ತಿರುಗಿಸುತ್ತಲೇ ಇದ್ದವು. ಸಪಾಟು ರಸ್ತೆಯಾಗಿದ್ದರೆ ಕ್ಲಚ್ ಒತ್ತಿ ಅನ್ನುತ್ತಿದ್ದೆ. ಬ್ರೇಕ್ ಕಲ್ಲಾದ ಘಟ್ಟದಲ್ಲಿ ನೀವು ಮಾಡಿದ್ದೇ ಸರಿ, ಎಂಜಿನ್ ಹೋದರೂ ಇನ್ನೊಂದು ಸಿಗುತ್ತದೆ.

ಆದರೆ ಈ ಎಂಜಿನ್ನಿನ ಒಂದು ಪುಣ್ಯವಿದೆ. ಕ್ಯಾಮ್ ನೇರವಾಗಿ ವಾಲ್ವನ್ನು ಒತ್ತುವುದಿಲ್ಲ. ನಡುವೆ ಬೆರಳುದ್ದದ ರೋಲರ್ ರಾಕರ್ ಇದೆ. ಪಿಸ್ಟನ್ ಕೆಳಗಿನಿಂದ ಗುದ್ದಿದಾಗ ಮೊದಲು ಮುರಿಯುವುದು ಅದು, ಮನೆಯ ಫ್ಯೂಸ್ ಹೋದ ಹಾಗೆ. ರಾಕರ್ ಮುರಿದರೆ ಸ್ಪ್ರಿಂಗ್ ವಾಲ್ವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಎಷ್ಟೋ ಸಲ ವಾಲ್ವ್ ಬಚಾವಾಗುತ್ತದೆ. ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂತ ವಾಲ್ವ್‌ಗಳ ಗಟ್ಟಿ, ಇಳಿಸಬೇಡಿ. ಮೇಲಿನ ಕವರ್ ಮತ್ತು ಕ್ಯಾಮ್ ತೆಗೆದು ಎಂಟು ರಾಕರ್‌ಗಳನ್ನು ಎಣಿಸಿ. ಮುರಿದ ಚೂರುಗಳನ್ನು ಒಂದೂ ಬಿಡದೆ ಹುಡುಕಿ ಜೋಡಿಸಿ ನೋಡಿ, ಒಳಗೆ ಉಳಿದದ್ದು ಆಯಿಲ್ ದಾರಿ ಹಿಡಿಯುತ್ತದೆ.

ತಟ್ಟೀಸರದವ | ಗುರುವಾರ, ರಾತ್ರಿ 8.30

ಗಾಡಿಯನ್ನು ಪಿಕಪ್ ಮೇಲೆ ಹಾಕಿಸಿ ಶಿರಸಿಗೆ ತಂದೆ. ಇಲ್ಲಿಯ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ನೀವು ಬರೆದದ್ದನ್ನು ಓದಿ ಹೇಳಿದಾಗ ‘ಹೂಂ’ ಎಂದು ಪಾನ ಎತ್ತಿಕೊಂಡರು. ಮೂರು ರಾಕರ್ ನಡುವೆಯೇ ತುಂಡು. ಐದು ಚೆನ್ನಾಗಿವೆ. ಚೂರುಗಳೆಲ್ಲ ಸಿಕ್ಕಿವೆ. ವಾಲ್ವ್ ಬಾಗಿದೆಯೋ ಇಲ್ಲವೋ ಹೆಡ್ ಇಳಿಸದೆ ತಿಳಿಯುವುದು ಹೇಗೆ?

ಹಳೇ ಪಾನ | ಗುರುವಾರ, ರಾತ್ರಿ 9.45

ರಾಕರ್‌ಗಳು ಹೊರಗಿವೆ, ಅಂದರೆ ಎಂಟೂ ವಾಲ್ವ್ ಮುಚ್ಚಿರಬೇಕು. ಮೊದಲು ವಾಲ್ವ್ ಕಡ್ಡಿಗಳ ಮೇಲ್ತುದಿಗಳ ಮೇಲೆ ಸ್ಕೇಲ್ ಅಡ್ಡ ಇಟ್ಟು ನೋಡಿ. ಒಂದು ಉಳಿದವಕ್ಕಿಂತ ತಗ್ಗಿದ್ದರೆ ಅದು ಬಾಗಿ ಪೂರ್ತಿ ಮುಚ್ಚಿಕೊಂಡಿಲ್ಲ.

ಆಮೇಲೆ ಗಾಳಿಯ ಪರೀಕ್ಷೆ. ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್ ತೆಗೆದ ತೂತಿನಿಂದ ಗಾಳಿ ಬಿಡಬೇಕು. ಗ್ಲೋ ಪ್ಲಗ್ ಬಿಚ್ಚುವಾಗ ಅವಸರ ಬೇಡ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಒಳಗೆ ಮುರಿದರೆ ಅದೇ ದೊಡ್ಡ ಕೆಲಸವಾಗುತ್ತದೆ. ಪರೀಕ್ಷಿಸುವ ಸಿಲಿಂಡರಿನ ಪಿಸ್ಟನ್ ತುತ್ತತುದಿಯಲ್ಲಿರಲಿ, ಇಲ್ಲದಿದ್ದರೆ ಗಾಳಿ ಅದನ್ನು ತಳ್ಳಿ ಕ್ರ್ಯಾಂಕ್ ತಿರುಗಿಸಿಬಿಡುತ್ತದೆ, ಆಗ ಪಾನ ಕೈಯಲ್ಲಿದ್ದವರಿಗೆ ಏಟು. ಒಂದು ಮತ್ತು ನಾಲ್ಕು ಒಟ್ಟಿಗೆ ಮೇಲೆ ಬರುತ್ತವೆ, ಎರಡು ಮತ್ತು ಮೂರು ಒಟ್ಟಿಗೆ. ಬಳಿಕ ಕಿವಿಗೊಡಿ. ಏರ್ ಫಿಲ್ಟರ್ ಕಡೆಯಿಂದ ಸುಯ್ ಎಂದರೆ ಒಳವಾಲ್ವ್, ಸೈಲೆನ್ಸರಿನಿಂದ ಬಂದರೆ ಹೊರವಾಲ್ವ್, ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್. ಆಯಿಲ್ ಹಾಕುವ ಬಾಯಿಯಿಂದ ಸ್ವಲ್ಪ ಬರುವುದು ಸಹಜ, ರಿಂಗುಗಳ ಸಂದಿನದು.

ತಟ್ಟೀಸರದವ | ಭಾನುವಾರ, ಸಂಜೆ 7.00

ಮೇಸ್ತ್ರಿಯವರು ಹಳೆಯ ಗ್ಲೋ ಪ್ಲಗ್ ಒಂದನ್ನು ಲೇತಿನಲ್ಲಿ ಕೊರೆಯಿಸಿ, ಅದಕ್ಕೆ ಟ್ಯೂಬಿನ ನಿಪ್ಪಲ್ ಬೆಸೆಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದರು. ನಾನು ಏರ್ ಫಿಲ್ಟರಿನ ಹತ್ತಿರ, ನನ್ನ ಅಳಿಯ ನೆಲದ ಮೇಲೆ ಸೈಲೆನ್ಸರಿಗೆ ಕಿವಿ ಹಚ್ಚಿ. ಒಂದು, ನಾಲ್ಕು, ಎರಡು ಸುಮ್ಮನಿದ್ದವು. ಮೂರನೆಯದಕ್ಕೆ ಗಾಳಿ ಬಿಟ್ಟ ಕೂಡಲೇ ಅಳಿಯ ಕೈ ಎತ್ತಿದ. ಸ್ಕೇಲ್ ಇಟ್ಟಾಗಲೂ ಅದೇ ಸಿಲಿಂಡರಿನ ಒಂದು ವಾಲ್ವ್ ಕೂದಲೆಳೆಯಷ್ಟು ತಗ್ಗು ಎಂದು ನನಗನ್ನಿಸಿತ್ತು, ಮೇಸ್ತ್ರಿ ಏನೂ ಹೇಳಿರಲಿಲ್ಲ.

ಅಂತೂ ಹೆಡ್ ಇಳಿಯುತ್ತದೆ. ಆದರೆ ಎಂಜಿನ್ ಉಳಿಯುತ್ತದೆ.

ಹಳೇ ಪಾನ | ಭಾನುವಾರ, ರಾತ್ರಿ 8.10

ಒಂದೇ ವಾಲ್ವ್ ಎಂದರೆ ಅಗ್ಗದಲ್ಲಿ ಪಾರಾದಿರಿ. ಆ ವಾಲ್ವ್ ಜಾರುವ ಕೊಳವೆ, ಗೈಡ್, ಕೂಡ ನೋಡಿಸಿ, ಹೊಸ ವಾಲ್ವನ್ನು ಸೀಟಿಗೆ ಅರೆದು ಕೂಡಿಸಲಿ. ಹೆಡ್ ಬೋಲ್ಟ್‌ಗಳು ಹೊಸವೇ ಬೇಕು, ಒಮ್ಮೆ ಬಿಗಿದವು ಹಿಗ್ಗಿರುತ್ತವೆ. ಹಳೆಯ ಗ್ಯಾಸ್ಕೆಟ್ ಎಸೆಯಬೇಡಿ, ಅಂಚಿನ ಗುರುತು ನೋಡಿ ಅಷ್ಟೇ ದಪ್ಪದ್ದು ತರಿಸಿ. ಇಂಜೆಕ್ಟರ್ ತೆಗೆದರೆ ತಾಮ್ರದ ವಾಷರ್ ಹೊಸದು. ಬೆಲ್ಟ್ ಜೊತೆಗೆ ಅದನ್ನು ಬಿಗಿ ಹಿಡಿಯುವ ಟೆನ್ಶನರ್, ಐಡ್ಲರ್, ವಾಟರ್ ಪಂಪ್, ಎರಡೂ ಸೀಲ್. ರಾಕರ್ ಎಂಟನ್ನೂ ಬದಲಿಸಿ ಎಂಬುದು ನನ್ನ ಹಟ: ಮುರಿಯದ ಐದೂ ಏಟು ತಿಂದಿರಬಹುದು.

ಬೆಲ್ಟ್ ಹಾಕುವಾಗ ಕ್ಯಾಮ್, ಕ್ರ್ಯಾಂಕ್, ಪಂಪ್ ಮೂರೂ ಅಲುಗದಂತೆ ಪಿನ್ ಹಾಕಿಯೇ ಹಾಕಲಿ. ಸುಣ್ಣದ ಗುರುತು, ಕಣ್ಣಂದಾಜು ಬೇಡ. ಪಿನ್ ತೆಗೆದು ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಆಗ ಕ್ಯಾಮ್ ಒಂದು ಸುತ್ತು ಬಂದಿರುತ್ತದೆ. ಪಿನ್‌ಗಳು ಮತ್ತೆ ಸಲೀಸಾಗಿ ಇಳಿದರೆ ಮಾತ್ರ ಕೀಲಿ.

ತಟ್ಟೀಸರದವ | ಹದಿನಾರು ದಿನಗಳ ನಂತರ

ಇವತ್ತು ಸ್ಟಾರ್ಟ್ ಆಯಿತು. ಬಿಡಿಭಾಗಗಳು ಹುಬ್ಬಳ್ಳಿಯಿಂದ ಬರಲು ತಡವಾಯಿತು. ಕಂಪನಿ ಇಲ್ಲಿ ಕಾರು ತಯಾರಿಸುವುದನ್ನು 2021ರಲ್ಲೇ ನಿಲ್ಲಿಸುವುದಾಗಿ ಹೇಳಿದ್ದರಿಂದ ಏನೂ ಸಿಗುವುದಿಲ್ಲವೇನೋ ಎಂದು ಹೆದರಿದ್ದೆ, ಎಲ್ಲವೂ ಸಿಕ್ಕಿತು. ಮೊದಲು ಬಿಳಿ ಹೊಗೆ, ಹಿತ್ತಲು ತುಂಬಿತು. ಎರಡು ನಿಮಿಷ ಟಪಟಪ ಸದ್ದು, ಆಮೇಲೆ ಹಳೆಯ ದನಿ. ಸೋರುತ್ತಿದ್ದದ್ದು ಕ್ರ್ಯಾಂಕಿನ ಮುಂದಿನ ಸೀಲ್. ಕಳೆದ ವರ್ಷ ಅಂಗಳದಲ್ಲಿ ಆಯಿಲ್ ಹನಿ ಕಂಡಿತ್ತು, ಅದರ ಮೇಲೆ ಗೋಣಿತಾಟು ಹಾಸಿ ಸುಮ್ಮನಾಗಿದ್ದವನು ನಾನೇ.

ಖರ್ಚು ಪಂಪಿಗೆ ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬೆಲ್ಟ್ ಕವರಿನ ಮೇಲೆ ಬಿಳಿ ಬಣ್ಣದಲ್ಲಿ ಕಿಲೋಮೀಟರ್ ಬರೆಸಿದ್ದೇನೆ, ನಾಲ್ಕನೆಯ ಮಾಲೀಕನಿಗೆ ಬೇಕಾಗುತ್ತದೆ.

ಕಡಲಕರೆ | ಅದೇ ದಿನ, ರಾತ್ರಿ 9.20

ಒಳ್ಳೆಯದಾಯಿತು. ಒಂದು ಪ್ರಶ್ನೆ. ನನ್ನದೂ ಇದೇ ಎಂಜಿನ್, 2013ರದು. ಬೆಲ್ಟ್ ಯಾವಾಗ ಬದಲಿಸಿದ್ದೆಂದು ಯಾವ ದಾಖಲೆಯೂ ಇಲ್ಲ. ನಾಳೆ ಬೆಳಿಗ್ಗೆ ಕಾರವಾರದಿಂದ ಹುಬ್ಬಳ್ಳಿಗೆ ಹೋಗಲೇಬೇಕಿದೆ, ಅರಬೈಲು ಘಟ್ಟ ಹತ್ತಬೇಕು. ಏನು ಮಾಡಲಿ?

ಹಳೇ ಪಾನ | ಅದೇ ದಿನ, ರಾತ್ರಿ 9.24

ಬಸ್ಸಿಗೆ ಹೋಗಿ.